ಕೆಂಪು ಚೀಟಿ ಕಿತ್ತ ಕಥೆ

ಶಿವಮೊಗ್ಗದ ಮಾಚೇನಹಳ್ಳಿಯ ಒಂದು ಸ್ಟೀಲ್ ಫೌಂಡ್ರಿಯಲ್ಲಿ (ಉಕ್ಕು ಕರಗಿಸಿ ಅಚ್ಚಿಗೆ ಎರೆಯುವ ಕಾರ್ಖಾನೆ) ನಾನು ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅರ್ಜೆಂಟ್ ಜಾಬ್‌ಗಳಿಗೆ, ಅಂದರೆ ಗಿರಾಕಿಯ ಆರ್ಡರ್‌ಗಳಿಗೆ, ಕೆಂಪು ಚೀಟಿ ಕಟ್ಟುವ ರೂಢಿಯಿತ್ತು. ಒಂದು ಸಂಜೆ ಹೀಟ್ ಟ್ರೀಟ್‌ಮೆಂಟ್ ಫರ್ನೇಸ್ (ಎರಕದ ಪೀಸ್‌ಗಳನ್ನು ಕಾಯಿಸಿ ಹದಗೊಳಿಸುವ ಕುಲುಮೆ) ಮುಂದೆ ಕಾದು ಕೂತಿದ್ದ ಜಾಬ್‌ಗಳನ್ನು ಎಣಿಸಿದೆ. ಒಟ್ಟು 43. ಅದರಲ್ಲಿ 31ಕ್ಕೆ ಕೆಂಪು ಚೀಟಿ! ಅಲ್ಲಿನ ಹಿರಿಯ ಆಪರೇಟರ್ ಗ್ಲೌಸ್ ಕಳಚುತ್ತಾ, "ಎಲ್ಲಾ ಕೆಂಪೇ ಆದ್ರೆ ಯಾವ್ದು ಮೊದ್ಲು ತಗಳ್ಲಿ ಸಾರ್? ಯಾರು ಜಾಸ್ತಿ ಕೂಗ್ತಾರೋ ಅವರ್ದು ಒಳಗೆ ಹಾಕ್ತೀನಿ" ಅಂದರು.

ಮೊದಲು ಮಾಡಿದ್ದು ಸುಲಭದ ಕೆಲಸ: ಡೆಲಿವರಿ ತಾರೀಖು ಯಾವುದಕ್ಕೆ ಹತ್ತಿರವೋ ಅದು ಮೊದಲು. ಈ ನಿಯಮ ದಡ್ಡತನದ್ದೇನಲ್ಲ. ಒಂದೇ ಮಶಿನ್ ಇದ್ದು, ಎಲ್ಲ ಜಾಬ್‌ಗಳೂ ಕೈಯಲ್ಲಿದ್ದರೆ, ಅತಿ ಹೆಚ್ಚು ತಡವಾಗುವ ಜಾಬ್‌ನ ತಡವನ್ನು ಇದಕ್ಕಿಂತ ಕಡಿಮೆ ಮಾಡಲಾಗದು ಎಂದು ಜಾಕ್ಸನ್ ಎಂಬುವರು 1955ರಲ್ಲೇ ಸಾಧಿಸಿ ತೋರಿಸಿದ್ದಾರೆ. ಆದರೆ ನಮ್ಮಲ್ಲಿ ಮೋಲ್ಡಿಂಗ್, ಪೌರಿಂಗ್, ಫೆಟ್ಲಿಂಗ್ (ಎರಕಕ್ಕೆ ಅಂಟಿದ ಹೆಚ್ಚುವರಿ ಲೋಹ ಉಜ್ಜಿ ತೆಗೆಯುವುದು), ಹೀಟ್ ಟ್ರೀಟ್‌ಮೆಂಟ್, ಮಶಿನಿಂಗ್, ಇನ್‌ಸ್ಪೆಕ್ಷನ್ ಅಂತ ಮೆಟ್ಟಿಲು ಮೆಟ್ಟಿಲು. ನಾಲ್ಕು ದಿನದಲ್ಲಿ ಹೋಗಬೇಕಾದ ಒಂದು ವಾಲ್ವ್ ಬಾಡಿಯದು ಉಳಿದಿದ್ದು ಒಂದೇ ದಿನದ ಕೆಲಸ. ಒಂಬತ್ತು ದಿನದಲ್ಲಿ ಹೋಗಬೇಕಾದ ಪಂಪ್ ಕೇಸಿಂಗ್‌ಗೆ ಇನ್ನೂ ಹತ್ತು ದಿನದ ಕೆಲಸ. ತಾರೀಖು ನೋಡಿಕೊಂಡು ವಾಲ್ವ್ ಬಾಡಿಯ ಹಿಂದೆ ಓಡಿದೆ, ಪಂಪ್ ಕೇಸಿಂಗ್ ಮೂಲೆಯಲ್ಲಿ ತಣ್ಣಗೆ ಕೂತಿತು. ಬೈಸಿಕೊಂಡೆ, ಬಿಡಿ.

ಆಮೇಲೆ ಹಿಡಿದದ್ದು ಕ್ರಿಟಿಕಲ್ ರೇಶಿಯೋ. ಉಳಿದ ದಿನಗಳನ್ನು ಉಳಿದ ಕೆಲಸದಿಂದ ಭಾಗಿಸುವುದು, ಅಷ್ಟೇ. ವಾಲ್ವ್ ಬಾಡಿ ನಾಲ್ಕಕ್ಕೆ ಒಂದು, ಅಂದರೆ 4. ಪಂಪ್ ಕೇಸಿಂಗ್ ಒಂಬತ್ತಕ್ಕೆ ಹತ್ತು, 0.9. ಒಂದಕ್ಕಿಂತ ಕೆಳಗಿದ್ದರೆ ಈಗಾಗಲೇ ಹಿಂದೆ ಬಿದ್ದಿದೆ ಎಂದರ್ಥ. ಕಡಿಮೆ ಅಂಕೆಯದಕ್ಕೆ ಮೊದಲ ಪಾಳಿ.

ಇದರಲ್ಲೂ ಎಡವಿದೆ. ಉಳಿದ ದಿನ ಎಣಿಸುವಾಗ ವಾರದ ರಜೆ, ಹಬ್ಬದ ರಜೆಯನ್ನೂ ಸೇರಿಸಿ ಎಣಿಸಿದ್ದೆ. ಉಳಿದ ಕೆಲಸ ಎಣಿಸುವಾಗ ಮಶಿನ್ ಮೇಲಿನ ಹೊತ್ತು ಮಾತ್ರ ಹಿಡಿದಿದ್ದೆ, ಸಾಲಿನಲ್ಲಿ ಕಾಯುವ ಹೊತ್ತು ಬಿಟ್ಟಿದ್ದೆ. ಒಂದು ಜಾಬ್ ಕಾರ್ಡ್ ತೆಗೆದು ನೋಡಿದರೆ ಕೆಲಸ ನಡೆದದ್ದು 31 ಗಂಟೆ, ಶಾಪ್‌ನಲ್ಲಿ ಇದ್ದದ್ದು 19 ದಿನ! ಇನ್ನೊಂದು ಮಾತು: ಗಡುವು ದಾಟಿದ ಜಾಬ್‌ಗೆ ಈ ಭಾಗಾಕಾರ ನಂಬಬೇಡಿ. ಎರಡು ದಿನ ತಡವಾಗಿ ಒಂದು ದಿನದ ಕೆಲಸ ಉಳಿದದ್ದು ಮೈನಸ್ 2. ಆರು ದಿನ ತಡವಾಗಿ ಹತ್ತು ದಿನದ ಕೆಲಸ ಉಳಿದದ್ದು ಮೈನಸ್ 0.6. ಲೆಕ್ಕದ ಪ್ರಕಾರ ಹೆಚ್ಚು ತಡವಾದದ್ದೇ ಹಿಂದಕ್ಕೆ ಹೋಗುತ್ತದೆ. ಅಂಥವನ್ನು ನಾನು ಬೇರೆ ಪಟ್ಟಿಗೆ ಹಾಕಿ, ಗಿರಾಕಿಗೆ ಫೋನ್ ಮಾಡಿ ಹೊಸ ತಾರೀಖು ಕೇಳುತ್ತೇನೆ.

ಅಸಲಿ ಬಿಕ್ಕಟ್ಟು ಇದ್ದದ್ದು ಫರ್ನೇಸ್‌ನಲ್ಲಿ. ಬಾಗಿಲು ಮುಚ್ಚಿದ ಮೇಲೆ ನಡುವೆ ಯಾರ ಜಾಬನ್ನೂ ತುರುಕುವಂತಿಲ್ಲ. ದಪ್ಪಕ್ಕೆ ತಕ್ಕ ಸೋಕಿಂಗ್ (ಅದೇ ಬಿಸಿಯಲ್ಲಿ ಹಿಡಿದಿಡುವ ಹೊತ್ತು) ಬೇಕು: ನಾವು ಹಿಡಿಯುವ ಅಂದಾಜು 25 ಮಿಲಿಮೀಟರ್‌ಗೆ ಒಂದು ಗಂಟೆ. 100 ಮಿಲಿಮೀಟರ್ ದಪ್ಪದ ಒಂದು ಪೀಸ್ ಇಟ್ಟರೆ ಪಕ್ಕದ ತೆಳು ಪೀಸ್‌ಗಳೂ ನಾಲ್ಕು ಗಂಟೆ ಬೇಯಬೇಕು, ಮೈತುಂಬಾ ಸ್ಕೇಲ್ (ಬಿಸಿಗೆ ಏಳುವ ಕರಿ ಸಿಪ್ಪೆ) ಹಿಡಿಸಿಕೊಳ್ಳಬೇಕು. ಹಾಗಾಗಿ ಈಗ ಅತಿ ಕಡಿಮೆ ಅಂಕೆಯ ಜಾಬ್ ಆ ಲೋಡ್‌ನ (ಒಂದು ಸಲಕ್ಕೆ ಫರ್ನೇಸ್‌ಗೆ ತುಂಬುವ ಜಾಬ್‌ಗಳ) ಯಜಮಾನ. ಉಳಿದ ಜಾಗಕ್ಕೆ ಅದೇ ಟೆಂಪರೇಚರ್‌ನ, ಹತ್ತಿರದ ದಪ್ಪದ ಜಾಬ್‌ಗಳನ್ನು ಪಟ್ಟಿಯ ಮೇಲಿಂದ ಆರಿಸುತ್ತೇವೆ. ಅಂಕೆ 2 ಇರುವುದೂ ಕೆಲವೊಮ್ಮೆ ಹೀಗೆ ಮುಂಚೆ ಹೋಗುತ್ತದೆ. ನೋಡುವವರಿಗೆ ಪಕ್ಷಪಾತದಂತೆ ಕಾಣುತ್ತದೆ, ಇರಲಿ. ಫರ್ನೇಸ್‌ಗಿಂತ ಮೊದಲಿನ ಹಂತದ ಮಶಿನ್‌ಗಳಿಗೆ ಅಂಕೆ ಕೊಡುವುದನ್ನೇ ಬಿಟ್ಟೆ. ಬಂದ ಸಾಲಿನಲ್ಲೇ ತಗೊಳ್ಳಿ ಅಂದೆ.

ಇನ್ನು ಕೆಂಪು ಚೀಟಿ. ಐದೇ ಐದು ಲ್ಯಾಮಿನೇಟ್ ಮಾಡಿಸಿ, ಫರ್ನೇಸ್ ಪಕ್ಕದ ಬೋರ್ಡ್‌ಗೆ ಮೊಳೆ ಹೊಡೆದು ನೇತುಹಾಕಿದೆ. ಹೊಸದಕ್ಕೆ ಬೇಕಾದರೆ ಬೇರೊಂದರಿಂದ ಕೀಳಬೇಕು, ಯಾವುದರಿಂದ ಕಿತ್ತಿರಿ ಎಂದು ಬರೆದು ಸಹಿ ಹಾಕಬೇಕು. ಮೊದಲ ವಾರ ಮಾರ್ಕೆಟಿಂಗ್‌ನವರು ನೇರ ಯಜಮಾನರ ಹತ್ತಿರ ಹೋದರು. ಯಜಮಾನರು ಬೋರ್ಡ್ ಮುಂದೆ ಬಂದು ನಿಂತರು, ಐದೂ ಚೀಟಿ ಓದಿದರು, ಮಾರ್ಕೆಟಿಂಗ್‌ನವರ ಕಡೆ ತಿರುಗಿ, "ಯಾವ್ದು ಕೀಳ್ಬೇಕು, ನೀವೇ ಹೇಳಿ ಮಾರಾಯ್ರೆ" ಅಂದರು. ಉತ್ತರ ಬರಲಿಲ್ಲ.

ಮಳೆಗಾಲದಲ್ಲಿ ಇದೆಲ್ಲ ತಲೆಕೆಳಗಾಗುವುದೂ ಉಂಟು. ಪುನರ್ವಸು, ಪುಷ್ಯ ಹಿಡಿದು ಹೊಡೆಯುವಾಗ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಅರ್ಧ ಸೋಕಿಂಗ್ ಆದ ಲೋಡ್‌ನ ಗತಿ ದೇವರಿಗೇ ಗೊತ್ತು. ಆ ರಾತ್ರಿಯೇ ಪಟ್ಟಿ ಹೊಸದಾಗಿ ಬರೆಯಬೇಕು.

ಕಳೆದ ಅಡಿಕೆ ಕೊಯ್ಲಿನ ಹೊತ್ತಿಗೆ ಇನ್ನೊಂದು ಆಯಿತು. ತೀರ್ಥಹಳ್ಳಿ ಕಡೆಯ ಹುಡುಗರು ಊರಿಗೆ ಹೋಗಿ, ಫೆಟ್ಲಿಂಗ್‌ನಲ್ಲಿ ಆರು ಜನರ ಜಾಗದಲ್ಲಿ ಮೂವರೇ ಉಳಿದರು. ಒಂದು ಬೆಳಿಗ್ಗೆ ಹೋದರೆ ಫರ್ನೇಸ್ ಮುಂದೆ ಲೋಡ್ ತುಂಬುವಷ್ಟು ಜಾಬ್‌ಗಳೇ ಇಲ್ಲ, ಗ್ರೈಂಡರ್‌ಗಳ ಹತ್ತಿರ ಕಾಲಿಡಲು ಜಾಗವಿಲ್ಲ. ಹಿರಿಯ ಆಪರೇಟರ್ ಸುಮ್ಮನೆ ಕೂತು ಟೀ ಕುಡಿಯುತ್ತಿದ್ದರು. "ಬೋರ್ಡ್ ಇಲ್ಲೆಂತಕ್ಕೆ ಸಾರ್ ಈಗ?" ಎಂದು ಕೇಳಿದರು. ಇಬ್ಬರೂ ಸೇರಿ ಮೊಳೆ ಸಮೇತ ಕಿತ್ತು ಫೆಟ್ಲಿಂಗ್ ಶೆಡ್‌ಗೆ ಹೊತ್ತುಕೊಂಡು ಹೋದೆವು.