ಮಂಕಾದ ವಿದ್ಯಾರ್ಥಿಯ ಜೊತೆ ಮೇಷ್ಟ್ರು ಮಾತು ಶುರು ಮಾಡುವುದು ಹೇಗೆ?

ಎಸ್ಸೆಸ್ಸೆಲ್ಸಿ ಪ್ರಿಪರೇಟರಿ ಹತ್ತಿರ ಬಂದಾಗ ತರಗತಿಯಲ್ಲಿ ಒಬ್ಬಿಬ್ಬರು ಮಕ್ಕಳು ಮಂಕಾಗುತ್ತಾರೆ. ಅದು ಮೇಷ್ಟ್ರ ಕಣ್ಣಿಗೆ ಬೀಳುತ್ತದೆ. ಕರೆದು ಮಾತಾಡಿಸುತ್ತಾರೆ ಕೂಡ. ಆದರೆ ಐದೇ ನಿಮಿಷದಲ್ಲಿ ಆ ಮಾತು ಬುದ್ಧಿವಾದವಾಗಿಬಿಡುತ್ತದೆ. ಮಗು 'ಸರಿ ಸಾರ್' ಅಂತ ತಲೆಯಾಡಿಸಿ ಹೋಗುತ್ತದೆ, ಆಮೇಲೆ ಬಾಯಿ ಬಿಡುವುದಿಲ್ಲ. ಸ್ಟಾಫ್ ರೂಮಿನಲ್ಲಿ ಇದನ್ನು ಎಷ್ಟೋ ಸಲ ನೋಡಿ ಬೇಸರವಾಗಿಯೇ ಈ ಲೇಖನ ಬರೆಯುತ್ತಿದ್ದೇನೆ.

1. ಗಮನಿಸಿ, ಬರೆದಿಟ್ಟುಕೊಳ್ಳಿ

ಒಂದು ದಿನದ ಬೇಸರ ಬೇರೆ, ಎರಡು ವಾರ ದಾಟಿದ ಮಂಕು ಬೇರೆ. ಹಾಜರಿ ಪುಸ್ತಕ, ಅರ್ಧಕ್ಕೆ ನಿಂತ ನೋಟ್ಸು, ಬಿಸಿಯೂಟದ ತಟ್ಟೆ ನೋಡಿದರೆ ಸಾಕಷ್ಟು ಗೊತ್ತಾಗುತ್ತದೆ. ಸುಮ್ಮನಾದವರನ್ನಷ್ಟೇ ನೋಡಬೇಡಿ. ಈ ವಯಸ್ಸಿನಲ್ಲಿ ಖಿನ್ನತೆ ಸಿಡುಕಾಗಿಯೂ ಹೊರಬರುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುವ ಪ್ರಶ್ನಾವಳಿ ಇಳಿಸಿಕೊಂಡು ಇಡೀ ತರಗತಿಗೆ ಹಂಚುವುದು ಬೇಡ. ಪಕ್ಕದವನು ಇಣುಕುತ್ತಿರುವಾಗ ಯಾವ ಮಗುವೂ ನಿಜ ಬರೆಯುವುದಿಲ್ಲ.

2. ಜಾಗ ಹುಡುಕಿ

ಸ್ಟಾಫ್ ರೂಮ್ ಬೇಡ. ಎಚ್‌ಎಂ ಕೊಠಡಿ ಬೇಡವೇ ಬೇಡ. ಎಲ್ಲರ ಕಣ್ಣಿಗೆ ಕಾಣುವ, ಯಾರ ಕಿವಿಗೂ ಬೀಳದ ಜಾಗ ಬೇಕು. ಮೈದಾನದ ಅಂಚಿನ ಬೆಂಚು ಒಳ್ಳೆಯದು. ಎದುರಿಗಲ್ಲ, ಪಕ್ಕದಲ್ಲಿ ಕೂರಿ.

3. ಮಾತು ಶುರು ಮಾಡಿ

'ಯಾಕೋ ಹೀಗಿದೀಯ?' ಅಂತ ಕೇಳಬೇಡಿ. ಮಗುವಿಗೆ ತಾನು ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ ಅನಿಸುತ್ತದೆ. ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಿ: 'ಹೋದ ವಾರ ಮೂರು ದಿನ ನೀನು ಊಟಕ್ಕೆ ಬರಲಿಲ್ಲ. ಗಣಿತದ ನೋಟ್ಸೂ ನಿಂತುಹೋಗಿದೆ. ನಂಗೆ ನಿನ್ನ ಬಗ್ಗೆ ಯೋಚನೆ ಆಯ್ತು ಕಣೋ.' ಇಷ್ಟು ಹೇಳಿ ಸುಮ್ಮನಾಗಿ.

ಇಲ್ಲೇ ನಾವು ಮೇಷ್ಟ್ರುಗಳು ಎಡವುವುದು. ಇಡೀ ಪೀರಿಯಡ್ ಮಾತಾಡಿ ರೂಢಿಯಾದವರಿಗೆ ಮೌನ ತಡೆಯುವುದಿಲ್ಲ. ಮಗು ನೆಲ ನೋಡುತ್ತದೆ, ಪೆನ್ನಿನ ಕ್ಯಾಪು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತದೆ. ಬಾಯಿ ಹಾಕಬೇಡಿ. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ. 'ಏನಿಲ್ಲ ಸಾರ್' ಅಂದರೆ ಒತ್ತಾಯವೂ ಬೇಡ. 'ಸರಿ, ಈಗಲೇ ಹೇಳಬೇಕು ಅಂತಿಲ್ಲ. ನಾಳೆ ಶಾಲೆ ಬಿಟ್ಟಮೇಲೆ ನಾನು ಇಲ್ಲೇ ಇರ್ತೀನಿ' ಅನ್ನಿ. ಮಾರನೆಯ ದಿನ ಅಲ್ಲಿ ಇರಲೇಬೇಕು. ಮೀಟಿಂಗ್ ಇದ್ದರೆ ಮೊದಲೇ ತಿಳಿಸಿ.

ಮಗು ಬಾಯಿ ಬಿಟ್ಟಿತು ಅಂದುಕೊಳ್ಳಿ. ಆಗ ಮೂರು ಮಾತು ಆಡಬೇಡಿ: 'ನಮ್ಮ ಕಾಲದಲ್ಲಿ...', 'ಇದೆಲ್ಲ ಏನೂ ಅಲ್ಲ', 'ನಿಮ್ಮಪ್ಪ ಎಷ್ಟು ಕಷ್ಟಪಡ್ತಾರೆ ಗೊತ್ತಾ?' ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಅಪ್ಪನ ಕಷ್ಟ ನೆನೆದೇ ಕುಗ್ಗಿದ ಮಕ್ಕಳು ಬಹಳ. ಅದರ ಬದಲು ಮಗು ಹೇಳಿದ್ದನ್ನೇ ತಿರುಗಿಸಿ ಹೇಳಿ: 'ಅಣ್ಣನಿಗೆ ಹೋಲಿಸಿದಾಗ ಜಾಸ್ತಿ ನೋವಾಗುತ್ತೆ, ಅಲ್ವಾ?' ತನ್ನ ಮಾತು ಕೇಳಿಸಿಕೊಂಡರು ಅಂತ ಗೊತ್ತಾದರೆ ಉಳಿದದ್ದು ತಾನಾಗಿ ಬರುತ್ತದೆ.

'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬೇಡಿ. 'ಸುಮ್ನೆ ಯಾರ ಹತ್ರಾನೂ ಹೇಳಲ್ಲ. ಆದ್ರೆ ನಿನ್ನ ಜೀವಕ್ಕೆ ಅಪಾಯ ಅನ್ನಿಸಿದ್ರೆ, ಯಾರಾದ್ರೂ ಹಿಂಸೆ ಕೊಡ್ತಿದ್ರೆ, ಸಹಾಯ ಮಾಡೋರಿಗೆ ಹೇಳಲೇಬೇಕು. ಹೇಳೋ ಮೊದಲು ನಿಂಗೆ ತಿಳಿಸ್ತೀನಿ' ಅನ್ನಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ದೂರು ಕೊಡುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ.

ಬದುಕೇ ಬೇಡ ಅನ್ನುವ ಸುಳಿವು ಮಾತಿನಲ್ಲಿ ಸಿಕ್ಕರೆ ಸುತ್ತಿ ಬಳಸದೆ ಕೇಳಿ: 'ಸಾಯಬೇಕು ಅನ್ನೋ ಯೋಚನೆ ಬಂದಿದೆಯಾ?' ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ಹೆದರುವವರಿದ್ದಾರೆ. ಹಾಗಾಗುವುದಿಲ್ಲ. ಒಳಗೇ ಇಟ್ಟುಕೊಂಡಿದ್ದನ್ನು ಹೇಳಿಕೊಳ್ಳಲು ದಾರಿ ಸಿಗುತ್ತದೆ. 'ಹೌದು' ಅಂದರೆ ಬೈಯಬೇಡಿ, ಅಮ್ಮನ ಮೇಲೆ ಆಣೆ ಹಾಕಿಸಬೇಡಿ. ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಬಸ್ಸು ಹತ್ತಿಸಿ ಕಳಿಸುವುದಂತೂ ಕೂಡದು. ಮನೆಯವರನ್ನು ಶಾಲೆಗೇ ಕರೆಸಿ, ಅವತ್ತೇ ವೈದ್ಯರ ಹತ್ತಿರ ಹೋಗುವಂತೆ ನೋಡಿಕೊಳ್ಳಿ. ಹಿಂಸೆ ಮನೆಯಲ್ಲೇ ನಡೆಯುತ್ತಿದೆ ಅಂತ ಅನುಮಾನವಿದ್ದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

4. ಸರಿಯಾದ ಕೈಗೆ ದಾಟಿಸಿ

ಮೇಷ್ಟ್ರು ಡಾಕ್ಟರಾಗಬೇಕಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ. ಏನು ಮಾಡಬೇಕು ಅಂತ ತೋಚದಿದ್ದರೆ ನೀವೇ ಫೋನ್ ಮಾಡಿ ಕೇಳಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್, ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ ಬಗ್ಗೆಯೂ ವಿಚಾರಿಸಿ. ನಿಮ್ಮ ತಾಲ್ಲೂಕಿಗೆ ಮನೋವೈದ್ಯರು ಬರುವ ದಿನವನ್ನು ಈಗಲೇ ಕೇಳಿಟ್ಟುಕೊಳ್ಳಿ.

ಅಪ್ಪ ಅಮ್ಮನ ಹತ್ತಿರ ಕಾಯಿಲೆಯ ಹೆಸರೆತ್ತಬೇಡಿ. ನಿದ್ದೆ, ಊಟ, ಓದು ಹೇಗೆ ಕೆಟ್ಟಿದೆ ಅಂತ ಹೇಳಿ. ಅವರು ತಾಯತದ ಮಾತೆತ್ತಿದರೆ ಜಗಳ ಬೇಡ. 'ಹರಕೆ ಹೊತ್ಕೊಳ್ಳಿ ಅಮ್ಮ, ಡಾಕ್ಟರ ಹತ್ರಾನೂ ಹೋಗಿ ಬನ್ನಿ' ಅಂದರೆ ಒಪ್ಪುತ್ತಾರೆ. ಪರೀಕ್ಷೆ ಸಮಯದಲ್ಲಿ ಮಾರುವ ಜ್ಞಾಪಕಶಕ್ತಿ ಟಾನಿಕ್ಕಿಗೆ ಮಾತ್ರ ದುಡ್ಡು ಸುರಿಯಬೇಡಿ ಅಂತ ಖಡಾಖಂಡಿತವಾಗಿ ಹೇಳಿ. ಒಂದು ದಿನದ ಸ್ಫೂರ್ತಿ ಭಾಷಣದಿಂದಲೂ ಈ ಮಕ್ಕಳಿಗೆ ಉಪಯೋಗವಿಲ್ಲ. ಭಾಷಣಕ್ಕೆ ಹಾಕುವ ದುಡ್ಡನ್ನು ಶಾಲೆಯವರು ಆಪ್ತಸಮಾಲೋಚಕರಿಗೆ ಕೊಡಲಿ.

5. ಆಡಳಿತದವರಿಗೆ ಆದೇಶ ತೋರಿಸಿ

ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಬೇಕು. ಸಾಧ್ಯವಾದಷ್ಟೂ ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚಿಗೆ ಹಾಕಬಾರದು. 'ಜಾಣರ ಸೆಕ್ಷನ್' ಮಾಡುವ ಶಾಲೆಗಳು ಇನ್ನೂ ಇವೆ. ಇದು ನಿಲ್ಲಲೇಬೇಕು.

6. ಫಲಿತಾಂಶದವರೆಗೂ ಜೊತೆಗಿರಿ

ವಾರಕ್ಕೊಮ್ಮೆ ಎರಡು ಮಾತು ಸಾಕು. ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಗೂ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಇದನ್ನು ಮಗುವಿಗೂ ಮನೆಯವರಿಗೂ ಮೊದಲನೇ ಪರೀಕ್ಷೆಗೆ ಮುಂಚೆಯೇ ಬಿಡಿಸಿ ಹೇಳಿ. ಫಲಿತಾಂಶದ ದಿನ ಬೆಳಿಗ್ಗೆಯೇ ಮನೆಗೆ ಫೋನ್ ಮಾಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ ಅಂತ ತಿಳಿಸಿ. ಫೇಲಾಗಿದ್ದರೆ ಮುಂದಿನ ಪರೀಕ್ಷೆಗೆ ನೋಂದಾಯಿಸುವ ಕೊನೆಯ ದಿನಾಂಕವನ್ನು ನೀವೇ ನೋಡಿ ಹೇಳಿ, ಅರ್ಜಿ ತುಂಬುವಾಗ ಪಕ್ಕದಲ್ಲಿರಿ.