ಏನನ್ನ ಎಂಜಾಯ್ ಮಾಡಿದ್ರಿ?

'ವಿ ವೆಂಟ್ ಟು ಜೋಗ್, ವಿ ಎಂಜಾಯ್ಡ್ ಎ ಲಾಟ್.' ದಾವಣಗೆರೆಯಲ್ಲಿ 13 ವರ್ಷದಿಂದ ಸಂಜೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತಿದ್ದೇನೆ. ಈ ವಾಕ್ಯ ಕೇಳಿಬರದ ಬ್ಯಾಚ್ ಒಂದೂ ಇಲ್ಲ. ಇಂಗ್ಲಿಷಿನಲ್ಲಿ 'ಎಂಜಾಯ್ಡ್' ಅಂದಮೇಲೆ ಏನನ್ನ ಅಂತಲೂ ಹೇಳಬೇಕು, ಅದನ್ನೇ ಬಿಡುತ್ತಾರೆ. ತಿದ್ದಿದರೆ ಆ ಹೊತ್ತಿಗೆ ಸರಿ ಹೇಳುತ್ತಾರೆ. ಮರುದಿನ ಮತ್ತೆ ಅದೇ.

ಮೊದಲು ಕರ್ಮಪದ, ಸಕರ್ಮಕ ಅಂತ ಪಾಠ ಮಾಡಿದೆ. ಆ ತಿಂಗಳು ಐದಾರು ಜನ ಕ್ಲಾಸ್ ಬಿಟ್ಟರು. ತಲೆಗೆ 1,200 ರೂಪಾಯಿ ಫೀಸು, ಲೆಕ್ಕ ನೀವೇ ಹಾಕಿ. ಆಮೇಲೆ ಬಣ್ಣದ ಕಾರ್ಡ್ ಪ್ರಿಂಟ್ ಹಾಕಿಸಿದೆ. ಸುಮಾರು 4,000 ಹೋಯಿತು. ಕಟ್ಟು ಇನ್ನೂ ಬೀರುವಿನಲ್ಲೇ ಇದೆ.

ತಪ್ಪಿನ ಬೇರು ಕನ್ನಡದಲ್ಲೇ ಇತ್ತು. ಅವರ ತಲೆಯಲ್ಲಿ ಎಂಜಾಯ್ ಅಂದರೆ 'ಮಜಾ ಮಾಡು'. 'ಮಜಾ ಮಾಡಿದ್ವಿ' ಅಂದರೆ ನಮಗೆ ಮಾತು ಮುಗಿಯಿತು. ಅದಕ್ಕೆ 'ಅನುಭವಿಸು' ಕೊಟ್ಟು ನೋಡಿದೆ. ನಮ್ಮ ಕ್ಲಾಸಿನಲ್ಲಿ ಪತ್ರ ಬರಹಗಾರರ ಹತ್ತಿರ ಟೈಪ್ ಮಾಡುವ ಹುಡುಗನಿದ್ದ. ಅವನಿಗೆ ತುಂಬಾ ಖುಷಿ. 'ಸರ್, ಕ್ರಯಪತ್ರದಲ್ಲಿ ದಿನಾ ಹೊಡೀತೀನಿ, ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು!' ಸರಿಯಾಗೇ ಹಿಡಿದಿದ್ದ. ಇಂಗ್ಲಿಷ್ ಪತ್ರದಲ್ಲಿ 'ಪೊಸೆಷನ್ ಅಂಡ್ ಎಂಜಾಯ್‌ಮೆಂಟ್' ಅನ್ನುವಾಗ ಕುಣಿತದ ಮಾತಿಲ್ಲ, ಆಸ್ತಿ ಕೈಯಲ್ಲಿದ್ದು ಅದರ ಫಲ ಉಣ್ಣುವ ಮಾತು. 'ಎಂಜಾಯ್ಸ್ ಗುಡ್ ಹೆಲ್ತ್' ಅನ್ನೋದೂ ಇದೇ ಜಾತಿ. ಆದರೆ ಅದೇ ವಾರ ಒಬ್ಬರು 'ಮೈ ಫಾದರ್ ಎಂಜಾಯ್ಡ್ ಮೆನಿ ಡಿಫಿಕಲ್ಟೀಸ್' ಅಂದರು. ಕನ್ನಡದಲ್ಲಿ ಕಷ್ಟವನ್ನೂ ಅನುಭವಿಸುತ್ತೇವಲ್ಲ! ಅದನ್ನೂ ಕೈಬಿಟ್ಟೆ.

ಕೊನೆಗೆ ಸಿಕ್ಕಿದ್ದು 'ಸವಿ'. ಬರೀ 'ಸವಿದೆ' ಅನ್ನಿ ನೋಡೋಣ. ಎದುರಿಗಿದ್ದವರು 'ಏನನ್ನ?' ಅಂತ ಕೇಳೇ ಕೇಳುತ್ತಾರೆ. ಬೆಣ್ಣೆ ದೋಸೆ ಸವಿದೆ, ಹಾಡು ಸವಿದೆ. ಯಾರಾದರೂ 'ಐ ಎಂಜಾಯ್ಡ್' ಅಂತ ನಿಲ್ಲಿಸಿದರೆ ಇಡೀ ಕ್ಲಾಸ್ 'ಏನನ್ನ?' ಅಂತ ಕೂಗಬೇಕು. ಇಷ್ಟೇ ನಿಯಮ. 'ಒಂದು ಪದಕ್ಕೆ ಒಂದು ವಾರ ಬೇಕಾ?' ಅಂತ ಜೊತೆಯ ಮೇಷ್ಟ್ರೊಬ್ಬರು ತಲೆ ಅಲ್ಲಾಡಿಸಿದ್ದರು. ಕಳೆದ ಬ್ಯಾಚಿನ 25 ಜನರಲ್ಲಿ 21-22 ಜನ ಎರಡು ತಿಂಗಳಾದ ಮೇಲೂ ಸರಿಯಾಗಿ ಹೇಳಿದರು. ಈಗ ಆ ಮೇಷ್ಟ್ರ ಕ್ಲಾಸಿನಲ್ಲೂ 'ಏನನ್ನ?' ಕೇಳಿಸುತ್ತದೆ.

ಇನ್ನೊಂದು ಲಾಭ ನಾನೂ ಎಣಿಸಿರಲಿಲ್ಲ. 'ಐ ಎಂಜಾಯ್ ಟು ರೀಡ್' ಅನ್ನುವವರಿಗೆ ಅದೇ ಪ್ರಶ್ನೆ: ಏನನ್ನ? ಓದೋದನ್ನ. ಆ 'ಓದೋದು' ಅನ್ನೋದೇ 'ರೀಡಿಂಗ್'. 'ಟು' ತಾನಾಗೇ ಉದುರಿತು. ಊಟ ಬಡಿಸಿ 'ಎಂಜಾಯ್!' ಅಂತಷ್ಟೇ ಹೇಳುತ್ತಾರಲ್ಲ ಅಂತ ಜಾಣರೊಬ್ಬರು ಕೇಳಿಯೇ ಕೇಳುತ್ತಾರೆ. ತಟ್ಟೆ ಎದುರಿಗೇ ಇದೆ, ಹೆಸರು ಹೇಳಬೇಕಿಲ್ಲ ಅನ್ನಿ, ಸಾಕು. 'ಏನನ್ನ?' ಅಂದರೆ ಹೇಳಲು ಬೇರೇನೂ ಇಲ್ಲದಾಗ ಬರುವ 'ಎಂಜಾಯ್ಡ್ ಮೈಸೆಲ್ಫ್' ಕೂರಿಸಲು ಕನ್ನಡಿ ಇಟ್ಟು ಒಂದು ಆಟ ಆಡಿಸುತ್ತೇನೆ. ಅದು ನನ್ನ ಕ್ಲಾಸಿಗೇ ಇರಲಿ.

ಈಗ 'ಫನ್' ಹಿಡಿದಿದ್ದೇನೆ. 'ಟ್ರಿಪ್ ವಾಸ್ ವೆರಿ ಫನ್ನಿ' ಅಂದವರಿಗೆ 'ನಗು ಬಂತಾ, ಮಜಾ ಬಂತಾ?' ಅಂತ ಕೇಳುತ್ತಿದ್ದೇನೆ. ಮೂರು ವಾರ ಆಯಿತು. ಅರ್ಧ ಕ್ಲಾಸ್ 'ಎರಡೂ ಬಂತು ಸರ್' ಅನ್ನುತ್ತದೆ.