ಕೋಳಿ ಕಾಲು, ಕಾಲ್ ಸೂಪ್, ವಿನೆಗರ್: ನಾನು ಸಂಯೋಜಕ ಅಂಗಾಂಶ ಕಲಿಸುವ ಬಗೆ

ನಾನು ಹಾಸನದ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಅಂಗಾಂಶಗಳ ಪಾಠದಲ್ಲಿ ಮೂರು ವಿಧ ಸುಲಭವಾಗಿ ಮುಗಿದು ಹೋಗುತ್ತವೆ. ಮೈಯ ಹೊರ, ಒಳ ಮೇಲ್ಮೈಗಳನ್ನು ಮುಚ್ಚುವ ಅನುಲೇಪಕ ಅಂಗಾಂಶ ತೋರಿಸಲು ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಕೆರೆದರೆ ಸಾಕು. ಸ್ನಾಯು, ನರ ಎಂದರೆ ಏನು ಕೆಲಸ ಅಂತ ಮಕ್ಕಳಿಗೆ ಮೊದಲೇ ಗೊತ್ತು. ತಕರಾರು ಶುರುವಾಗುವುದು ಸಂಯೋಜಕ ಅಂಗಾಂಶದ ಹತ್ತಿರ, ಅಂದರೆ ಮೈಯ ಭಾಗಗಳನ್ನು ಜೋಡಿಸಿ ಆಸರೆ ಕೊಡುವ ಅಂಗಾಂಶದ ಹತ್ತಿರ. ಕೊಬ್ಬು, ಮೂಳೆ, ರಕ್ತ, ಮೂಗಿನ ತುದಿ, ಚರ್ಮದ ಒಳಪದರ ಎಲ್ಲವೂ ಒಂದೇ ಗುಂಪು ಅಂದರೆ ಯಾರು ನಂಬುತ್ತಾರೆ? ಲ್ಯಾಬಿನ ಪೆಟ್ಟಿಗೆಯಲ್ಲಿರುವ ರೆಡಿ ಸ್ಲೈಡ್‌ಗಳೂ ಹೆಚ್ಚು ಸಹಾಯ ಮಾಡುವುದಿಲ್ಲ. ಹೊಸಬರ ಕಣ್ಣಿಗೆ ಎಲ್ಲವೂ ಗುಲಾಬಿ ಗೆರೆ, ನೇರಳೆ ಚುಕ್ಕೆ, ಅಷ್ಟೇ.

ಅದಕ್ಕೇ ನಾನು ಮೈಕ್ರೋಸ್ಕೋಪನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಎಳೆಯುವುದು, ಹರಿಯುವುದು, ಬೇಯಿಸುವುದು, ನೆನೆಸುವುದು. ಯಾಕೆಂದರೆ ಈ ಅಂಗಾಂಶದ ಗುಣವನ್ನು ಹೆಚ್ಚಾಗಿ ತೀರ್ಮಾನಿಸುವುದು ಕೋಶಗಳಲ್ಲ, ಕೋಶಗಳ ನಡುವೆ ತುಂಬಿರುವ ವಸ್ತು. ಅದು ಗಟ್ಟಿಯೋ, ಮೆದುವೋ, ಎಳೆದರೆ ಹಿಗ್ಗುತ್ತದೋ ಅನ್ನುವುದನ್ನು ಕಣ್ಣಿಗಿಂತ ಕೈ ಬೇಗ ಹೇಳುತ್ತದೆ.

ಬೋರ್ಡಿನ ಮೇಲೆ ಚಿತ್ರ ಬಿಡಿಸುವ ಮೊದಲು ಶಾವಿಗೆ ಪಾಯಸ ನೆನಪಿಸಿಕೊಳ್ಳಿ ಅನ್ನುತ್ತೇನೆ. ಶಾವಿಗೆ ಎಳೆಗಳು ನಾರುಗಳು, ಹಾಲು ತಳದ ವಸ್ತು, ಅಲ್ಲೊಂದು ಇಲ್ಲೊಂದು ದ್ರಾಕ್ಷಿ ಕೋಶಗಳು. ನಾರು ಮತ್ತು ತಳದ ವಸ್ತು ಸೇರಿದರೆ ಅದೇ ಮ್ಯಾಟ್ರಿಕ್ಸ್. ನಾರುಗಳಲ್ಲಿ ಮೂರು ಬಗೆ: ಎಳೆತ ತಡೆಯುವ ಕೊಲಾಜೆನ್, ಹಿಗ್ಗಿ ಕುಗ್ಗುವ ಎಲಾಸ್ಟಿನ್ ನಾರು, ಸಣ್ಣ ಬಲೆಯಂಥ ರೆಟಿಕ್ಯುಲರ್ ನಾರು. ಇವನ್ನು ಹೆಚ್ಚಾಗಿ ತಯಾರಿಸುವುದು ಫೈಬ್ರೊಬ್ಲಾಸ್ಟ್ ಎಂಬ ಕೋಶ.

ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದೇ ಬರುತ್ತದೆ: "ಸಾರ್, ರಕ್ತ ಏನನ್ನ ಜೋಡಿಸುತ್ತೆ?" ಒಳ್ಳೇ ಪ್ರಶ್ನೆ. ರಕ್ತವನ್ನು ಈ ಗುಂಪಿಗೆ ಸೇರಿಸುವುದು ಜೋಡಿಸುವ ಕೆಲಸ ನೋಡಿ ಅಲ್ಲ, ರಚನೆ ಮತ್ತು ಮೂಲ ನೋಡಿ. ರಕ್ತದಲ್ಲಿ ಮ್ಯಾಟ್ರಿಕ್ಸ್ ದ್ರವರೂಪದಲ್ಲಿದೆ, ಅದೇ ಪ್ಲಾಸ್ಮಾ. ರಕ್ತದ ನೂರು ಭಾಗದಲ್ಲಿ ಸುಮಾರು 55 ಭಾಗ ಪ್ಲಾಸ್ಮಾ, ಉಳಿದದ್ದು ಕೋಶಗಳು. ನಾರು ಎಲ್ಲಿ? ಕರಗಿದ ರೂಪದಲ್ಲಿ ಕಾಯುತ್ತಿರುತ್ತದೆ. ಗಾಯವಾದಾಗ ಫೈಬ್ರಿನೊಜೆನ್ ಹೋಗಿ ಫೈಬ್ರಿನ್ ಎಳೆಯಾಗುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ಜೊತೆಗೆ ಮೂಳೆ, ಕೊಬ್ಬು, ರಕ್ತ ಎಲ್ಲವೂ ಭ್ರೂಣದಲ್ಲಿರುವ ಮೀಸೆನ್‌ಕೈಮ್ ಎಂಬ ಮೂಲ ಅಂಗಾಂಶದಿಂದಲೇ ಬರುತ್ತವೆ. ರಕ್ತದ ವಿಷಯ ಅಲ್ಲಿಗೆ ಬಿಟ್ಟು ಕೋಳಿಗೆ ಬರುತ್ತೇನೆ.

ಚಿಕನ್ ಅಂಗಡಿಯಲ್ಲಿ ಚರ್ಮ ತೆಗೆಯದ ಲೆಗ್ ಪೀಸ್ ಕೇಳಿ. ಜೊತೆಗೆ ಪಾದದ ಭಾಗವನ್ನೂ ತನ್ನಿ. ಅದನ್ನು ಕೆಲವರು ಸುಮ್ನೆ ಕೊಟ್ಟುಬಿಡುತ್ತಾರೆ. ಗ್ಲೌಸ್ ಹಾಕಿಸಿ, ಆಮೇಲೆ ಸೋಪಿನಲ್ಲಿ ಕೈ ತೊಳೆಸಿ, ಟೇಬಲ್ಲಿಗೆ ಬ್ಲೀಚ್ ಹಾಕಿ ಒರೆಸಿ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು, ಇದರಲ್ಲಿ ರಾಜಿ ಬೇಡ.

ಚರ್ಮವನ್ನು ನಿಧಾನವಾಗಿ ಎಳೆದರೆ ಕೆಳಗೆ ಜೇಡರ ಬಲೆಯಷ್ಟು ತೆಳ್ಳಗಿನ ಬಿಳಿ ಪರೆ ಕಾಣುತ್ತದೆ, ಕೆಲವೆಡೆ ಗುಳ್ಳೆಗಳೂ ಇರುತ್ತವೆ. ಇದು ಏರಿಯೋಲಾರ್ ಅಂಗಾಂಶ. ನಾರುಗಳು ಸಡಿಲ, ಸಂದು ಜಾಸ್ತಿ. ಕುರಿ ಸುಲಿಯುವವರು ಹಿಂಗಾಲಿನ ಹತ್ತಿರ ಸಣ್ಣದಾಗಿ ಸೀಳಿ ಗಾಳಿ ಊದುವುದನ್ನು ಊರಿನ ಮಕ್ಕಳು ನೋಡಿರುತ್ತಾರೆ. ಆ ಗಾಳಿ ಹರಡುವುದು ಈ ಸಂದುಗಳಲ್ಲೇ. ರೋಗಾಣು ಒಳಗೆ ಬಂದರೆ ಹಿಡಿಯಲು ಮ್ಯಾಕ್ರೋಫೇಜ್, ಮಾಸ್ಟ್ ಕೋಶಗಳು ಕಾದಿರುವುದೂ ಇಲ್ಲಿಯೇ. ಪಕ್ಕದಲ್ಲೇ ಹಳದಿ ಗಡ್ಡೆಗಳಂತೆ ಕೊಬ್ಬು ಸಿಗುತ್ತದೆ. ಅಲ್ಲಿ ಪ್ರತಿ ಕೋಶದಲ್ಲೂ ಒಂದೇ ದೊಡ್ಡ ಎಣ್ಣೆ ಹನಿ, ಕೋಶಕೇಂದ್ರ ಅಂಚಿಗೆ ತಳ್ಳಿಸಿಕೊಂಡು ಕೂತಿರುತ್ತದೆ. ಅಜ್ಜಿಗೆ ಇನ್ಸುಲಿನ್ ಚುಚ್ಚುವುದು ಈ ಪದರಕ್ಕೇ ಅಂದರೆ ಮಕ್ಕಳಿಗೆ ತಕ್ಷಣ ಹತ್ತಿರವಾಗುತ್ತದೆ.

ಈಗ ಪಾದ. ಕತ್ತರಿಸಿದ ತುದಿಯ ಹಿಂಭಾಗದಲ್ಲಿ ಬೆಳ್ಳಗೆ ಹೊಳೆಯುವ ದಾರ ಕಾಣುತ್ತದೆ. ಇಕ್ಕಳದಲ್ಲಿ ಹಿಡಿದು ಎಳೆದರೆ ಬೆರಳು ಮಡಚಿಕೊಳ್ಳುತ್ತದೆ, ಮುಂಭಾಗದ್ದನ್ನು ಎಳೆದರೆ ಬಿಚ್ಚುತ್ತದೆ. ತರಗತಿಯಲ್ಲಿ ಕಿರುಚಾಟ ಏಳುವುದು ಇಲ್ಲೇ, ಏಳಲಿ ಬಿಡಿ. ಇದು ಟೆಂಡನ್, ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗ. ಮೊಣಕಾಲಿನ ಕೀಲು ಬಿಡಿಸಿದರೆ ಮೂಳೆಯಿಂದ ಮೂಳೆಗೆ ಕಟ್ಟಿದ ಲಿಗಮೆಂಟ್ ಸಿಗುತ್ತದೆ. ಪರೀಕ್ಷೆಯಲ್ಲಿ ಇವೆರಡನ್ನು ಅದಲು ಬದಲು ಬರೆಯುವವರು, ಒಮ್ಮೆ ಕೈಯಲ್ಲಿ ಹಿಡಿದ ಮೇಲೆ ಅಷ್ಟಾಗಿ ತಪ್ಪುವುದಿಲ್ಲ.

ಟೆಂಡನ್ನಿನ ಚೂರನ್ನು ಸೂಜಿಯಿಂದ ಬಿಡಿಸಿದರೆ ಉದ್ದಕ್ಕೆ ಎಳೆ ಎಳೆಯಾಗಿ ಬರುತ್ತದೆ. ಅಡ್ಡಕ್ಕೆ ಹರಿಯಲು ನೋಡಿ, ಆಗುವುದಿಲ್ಲ. ನಾರುಗಳೆಲ್ಲ ಒಂದೇ ದಿಕ್ಕಿಗೆ ಮಲಗಿವೆ. ಚರ್ಮದ ಒಳಪದರದಲ್ಲಿ ಅವೇ ನಾರುಗಳು ಅಡ್ಡಾದಿಡ್ಡಿ, ಹಾಗಾಗಿ ಯಾವ ಕಡೆಗೆ ಎಳೆದರೂ ಅದು ತಡೆದುಕೊಳ್ಳುತ್ತದೆ. ವಸ್ತು ಒಂದೇ, ಜೋಡಣೆ ಬೇರೆ. ಸ್ಲೈಡಿನ ಮೇಲಿನ ಎಳೆಗೆ ಒಂದು ಹನಿ ವಿನೆಗರ್ ಬಿಟ್ಟರೆ ಕೊಲಾಜೆನ್ ಉಬ್ಬಿ ಪಾರದರ್ಶಕವಾಗುತ್ತದೆ. ಎಲಾಸ್ಟಿನ್ ನಾರಿಗೆ ಏನೂ ಆಗುವುದಿಲ್ಲ. ಹಳೇ ಪರೀಕ್ಷೆ, ಖರ್ಚಿಲ್ಲದ ಪರೀಕ್ಷೆ.

ಇವೆರಡರ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುವುದು ಪಾತ್ರೆಯಲ್ಲಿ. ಕುರಿ ಕಾಲನ್ನು ಗಂಟೆಗಟ್ಟಲೆ ಕುದಿಸಿದರೆ ಕೊಲಾಜೆನ್ ಬಿಡಿಸಿಕೊಂಡು ಜೆಲಾಟಿನ್ ಆಗುತ್ತದೆ. ಕಾಲ್ ಸೂಪ್ ಅಂಟಂಟಾಗಿ ತುಟಿಗೆ ಹತ್ತುವುದು, ಫ್ರಿಜ್ಜಿನಲ್ಲಿಟ್ಟರೆ ಹೆಪ್ಪುಗಟ್ಟುವುದು ಅದರಿಂದಲೇ. ಕುರಿಯ ಕುತ್ತಿಗೆಯ ಹಿಂಬದಿಯಲ್ಲಿ ಹಳದಿ ಪಟ್ಟಿಯೊಂದು ಇರುತ್ತದೆ, ಅದನ್ನೂ ಅದೇ ಪಾತ್ರೆಗೆ ಹಾಕಿ. ಅದು ಎಷ್ಟು ಬೇಯಿಸಿದರೂ ರಬ್ಬರಿನಂತೆಯೇ ಉಳಿಯುತ್ತದೆ. ಅದರಲ್ಲಿರುವುದು ಬಹುಪಾಲು ಎಲಾಸ್ಟಿನ್. ದಿನವಿಡೀ ತಲೆ ಬಗ್ಗಿಸಿ ಮೇಯುವ ಪ್ರಾಣಿಯ ಕುತ್ತಿಗೆ ಸ್ನಾಯುಗಳಿಗೆ ಅದೇ ಆಸರೆ. ನಾಟಿ ಕೋಳಿಗೆ ಬ್ರಾಯ್ಲರ್‌ಗಿಂತ ಜಾಸ್ತಿ ಸೀಟಿ ಯಾಕೆ ಅನ್ನುವುದಕ್ಕೂ ಇಲ್ಲಿ ಉತ್ತರವಿದೆ. ಬ್ರಾಯ್ಲರ್ ಸುಮಾರು ಆರು ವಾರದ ಮರಿ. ವಯಸ್ಸಾದಂತೆ ಕೊಲಾಜೆನ್ ಎಳೆಗಳ ನಡುವೆ ಅಡ್ಡ ಬೆಸುಗೆ ಹೆಚ್ಚಾಗುತ್ತದೆ, ಬಿಡಿಸಲು ಹೊತ್ತು ಬೇಕು.

ಕಾಲ್ ಸೂಪ್ ಕುಡಿದರೆ ಮುರಿದ ಮೂಳೆ ಬೇಗ ಕೂಡುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರೆ ಅಲ್ವಾ? ಸೂಪ್ ರುಚಿಗೆ ನನ್ನ ವಿರೋಧವಿಲ್ಲ. ಆದರೆ ಜೆಲಾಟಿನ್ ಹೊಟ್ಟೆಗೆ ಹೋದ ಮೇಲೆ ಬಹುಮಟ್ಟಿಗೆ ಪ್ರೋಟೀನಿನ ಬಿಡಿ ತುಂಡುಗಳಾದ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ, ನೇರವಾಗಿ ಹೋಗಿ ಮೂಳೆಗೆ ಅಂಟುವುದಿಲ್ಲ. ಕೊಲಾಜೆನ್ ಪುಡಿಯ ಜಾಹೀರಾತು ನೋಡುವಾಗಲೂ ಇದು ನೆನಪಿರಲಿ ಅನ್ನುತ್ತೇನೆ. ದೇಹ ತನ್ನ ಕೊಲಾಜೆನ್ ತಾನೇ ಕಟ್ಟಿಕೊಳ್ಳುತ್ತದೆ, ಅದಕ್ಕೆ ವಿಟಮಿನ್ ಸಿ ಬೇಕೇ ಬೇಕು. ಅದು ಸಿಗದೆ ಹೋದರೆ ಸ್ಕರ್ವಿ: ಒಸಡಿನಲ್ಲಿ ರಕ್ತ, ಮಾಯದ ಗಾಯ. 1747ರಲ್ಲಿ ಜೇಮ್ಸ್ ಲಿಂಡ್ ಹಡಗಿನ ರೋಗಿಗಳಿಗೆ ಕಿತ್ತಳೆ, ನಿಂಬೆ ಕೊಟ್ಟು ಗುಣ ಕಂಡದ್ದು ಇದೇ ಕಾಯಿಲೆಯಲ್ಲಿ.

ವಿಜ್ಞಾನಿ ಜಿ. ಎನ್. ರಾಮಚಂದ್ರನ್ ಅವರ ಹೆಸರನ್ನು ನಾನು ಇಲ್ಲಿ ಹೇಳದೆ ಮುಂದೆ ಹೋಗುವುದಿಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ. ವಿ. ರಾಮನ್ ಅವರ ಹತ್ತಿರ ಕಲಿತವರು. 1954ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಗೋಪಿನಾಥ್ ಕರ್ತಾ ಅವರ ಜೊತೆ ಸೇರಿ, ಕೊಲಾಜೆನ್ ಮೂರು ಎಳೆಗಳ ರಚನೆ ಎಂದು ತೋರಿಸಿದರು. ಅವರು ಎಕ್ಸ್-ರೇ ಹಾಯಿಸಿದ್ದು ಕಾಂಗರೂ ಬಾಲದ ಟೆಂಡನ್ನಿಗೆ. ಪ್ರತಿ ಮೂರನೇ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ ಇರಲೇಬೇಕು, ಮೂರೆಳೆ ಒತ್ತೊತ್ತಾಗಿ ಹೊಸೆಯುವ ಜಾಗದಲ್ಲಿ ಬೇರೆ ಅಮೈನೋ ಆಮ್ಲ ಹಿಡಿಸುವುದಿಲ್ಲ.

ಮಾಂಸ ಮುಟ್ಟದ ಮಕ್ಕಳು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅವರನ್ನು ಒತ್ತಾಯ ಮಾಡುವುದಿಲ್ಲ, ಅವರ ಮೈಯೇ ಸಾಕು. ಕಿವಿಯ ಮೇಲ್ಭಾಗ ಮಡಚಿ ಬಿಟ್ಟರೆ ತಟ್ಟನೆ ಮೊದಲಿನಂತಾಗುತ್ತದೆ, ಅದು ಎಲಾಸ್ಟಿನ್ ತುಂಬಿದ ಮೃದ್ವಸ್ಥಿ, ಅಂದರೆ ಮೆದು ಮೂಳೆ. ಹಿಮ್ಮಡಿಯ ಮೇಲಿನ ಗಟ್ಟಿ ದಾರ ಮೈಯ ಅತಿ ದಪ್ಪದ ಟೆಂಡನ್. ಹೆಬ್ಬೆರಳು, ಕಿರುಬೆರಳು ಸೇರಿಸಿ ಮಣಿಕಟ್ಟು ಬಗ್ಗಿಸಿದರೆ ಇನ್ನೊಂದು ಎದ್ದು ಕಾಣುತ್ತದೆ. ಕೆಲವರಲ್ಲಿ ಅದು ಹುಟ್ಟಿನಿಂದಲೇ ಇರುವುದಿಲ್ಲ, ಗಾಬರಿ ಬೇಡ ಎಂದು ಮೊದಲೇ ಹೇಳಿಬಿಡಿ.

ಕೊನೆಗೆ ಮೂಳೆ. ಲೆಗ್ ಪೀಸಿನ ಮೂಳೆಯ ತುದಿಯಲ್ಲಿ ನೀಲಿ ಬಿಳುಪಿನ ನುಣ್ಣನೆ ಟೋಪಿ ಇದೆ, ಅದು ಕೀಲಿನ ಮೃದ್ವಸ್ಥಿ. ಅದಕ್ಕೆ ರಕ್ತನಾಳವಿಲ್ಲ, ಆಹಾರ ಸುತ್ತಲಿನಿಂದ ಒಸರಿ ಬರಬೇಕು. ಮಂಡಿಯ ಮೃದ್ವಸ್ಥಿ ಸವೆದರೆ ಸರಿಹೋಗುವುದು ಕಷ್ಟ ಯಾಕೆ ಎಂಬುದಕ್ಕೆ ಇದೂ ಒಂದು ಕಾರಣ. ಮೂಳೆಯಲ್ಲಾದರೆ ರಕ್ತ ಚೆನ್ನಾಗಿ ಓಡಾಡುತ್ತದೆ, ಮುರಿದರೂ ಕೂಡಿಕೊಳ್ಳುತ್ತದೆ.

ಎರಡು ಮೂಳೆ ತೊಳೆದಿಟ್ಟುಕೊಳ್ಳಿ. ಒಂದನ್ನು ಹೊರಗೆ ಬಯಲಲ್ಲಿ ಕೆಂಡಕ್ಕೆ ಹಾಕಿ ಚೆನ್ನಾಗಿ ಸುಡಿ. ಕೊಲಾಜೆನ್ ಸುಟ್ಟು ಖನಿಜ ಮಾತ್ರ ಉಳಿಯುತ್ತದೆ, ಬೆಳ್ಳಗಾಗಿ ಬೆರಳಲ್ಲಿ ಒತ್ತಿದರೆ ಪುಡಿ. ಇನ್ನೊಂದನ್ನು ವಿನೆಗರ್ ತುಂಬಿದ ಬಾಟಲಿಯಲ್ಲಿ ಮುಳುಗಿಸಿ, ಆಗಾಗ ವಿನೆಗರ್ ಬದಲಿಸಿ. ಖನಿಜ ಕರಗಿ ಕೊಲಾಜೆನ್ ಉಳಿಯುತ್ತದೆ, ಮೂಳೆ ಮಣಿಯುತ್ತದೆ. ಆತುರ ಮಾಡಿದರೆ ನಡುವೆ ಗಟ್ಟಿ ಉಳಿದು ಬಗ್ಗಿಸುವಾಗ ಮುರಿಯುತ್ತದೆ. ತೆಳ್ಳಗಿನ ಮೂಳೆ ಆರಿಸಿದರೆ ಬೇಗ ಆಗುತ್ತದೆ. ತೋರಿಸಿದ ಮೇಲೆ ಮೇಜಿನ ಮೇಲೆ ಬಿಡಬೇಡಿ, ಒಣಗಿ ಮತ್ತೆ ಬಿರುಸಾಗುತ್ತದೆ. ಬಾಟಲಿಗೇ ವಾಪಸ್ ಹಾಕಿ ಮುಚ್ಚಳ ಮುಚ್ಚಿದರೆ ಪಕ್ಕದ ಸೆಕ್ಷನ್ನಿಗೂ ಅದೇ ಸಾಕು.